ಚೇಳಿನ ತಲೆಯ ಮೇಲೊಂದು ಹೊಸ ಚುಕ್ಕಿ

ಸೊಲ್ಲಾಪುರದಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಮುಚ್ಚಿತೆಂದು ಕೇಳಿ ಅಣ್ಣ ಅಲ್ಲಿಂದ ಹಳೆಯ ಸ್ಟೆಬಿಲೈಜರ್ ತರಲು ಹೋಗಿದ್ದ. ಬರುವಾಗ ಅದರ ಜೊತೆಗೆ ಒಂದು ವಿಚಿತ್ರ ಹೆಲ್ಮೆಟ್ಟನ್ನೂ ಹೊತ್ತು ತಂದ. ಮುಂದೆ ಗಾಜಿನ ಬದಲು ಒಂದು ಕರಿಯ ಡಬ್ಬಿ, ಅದರೊಳಗೆ ಎರಡು ಕಣ್ಣಿಗೆ ಎರಡು ಪುಟ್ಟ ಪರದೆ. ಹಾಕಿಕೊಂಡವರು ತಲೆ ಎಡಕ್ಕೆ ತಿರುಗಿಸಿದರೆ ಒಳಗಿನ ನೋಟವೂ ತಿರುಗುತ್ತದೆ, ಮೇಲೆ ನೋಡಿದರೆ ಮೇಲಿನದು ಕಾಣುತ್ತದೆ. ತಂತಿ ಮೂರು ಕಡೆ ಹರಿದಿತ್ತು. ಅಣ್ಣ ಅದನ್ನು ಬೆಸೆದು ನನ್ನ ಕಂಪ್ಯೂಟರಿಗೆ ಜೋಡಿಸಿ, "ಇದರಾಗ ಏನ್ ಬೇಕಾದ್ದು ತೋರಸಬಹುದು ನೋಡ. ಏನ್ ತೋರಸ್ತಿ ಹೇಳು" ಎಂದ.

ಅಣ್ಣನ ವರ್ಕ್‌ಶಾಪು ಇಂಡಿ ಪಟ್ಟಣದ ಹೊರಗೆ, ಝಳಕಿಗೆ ಹೋಗುವ ರಸ್ತೆಯಲ್ಲಿತ್ತು. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರಾಲಿಗಳನ್ನು ಅಲ್ಲಿ ಕಟ್ಟುತ್ತಿದ್ದ. ನಾನು ವಿಜಾಪುರದಲ್ಲಿ ಡಿಪ್ಲೊಮಾ ಮುಗಿಸಿ ಬಂದು ಶೆಡ್ಡಿನ ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಕಂಪ್ಯೂಟರ್ ಕಲಿಯದಿದ್ದರೆ ಗತಿಯಿಲ್ಲ ಎಂದು ಎಲ್ಲರೂ ನಂಬಿದ್ದ ದಿನಗಳು. ವೆಲ್ಡಿಂಗ್ ಶುರುವಾದಾಗಲೆಲ್ಲ ನನ್ನ ಪರದೆಗಳು ನಡುಗುತ್ತಿದ್ದವು, ಹುಡುಗಿಯರು ಕೈ ಎತ್ತಿ ಕುಳಿತುಕೊಳ್ಳುತ್ತಿದ್ದರು.

ಏನು ತೋರಿಸುವುದು ಎಂಬ ಪ್ರಶ್ನೆಗೆ ಉತ್ತರ ಬಸವನ ಬಾಗೇವಾಡಿಯಿಂದ ಬಂತು. ಅಲ್ಲಿನ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರು ಜನರೇಟರ್ ರಿಪೇರಿಗೆಂದು ಬಂದವರು ಹೆಲ್ಮೆಟ್ ನೋಡಿ ಅಲ್ಲೇ ಕುಳಿತುಬಿಟ್ಟರು. "ನಮ್ಮ ಸಾಲ್ಯಾಗ ವಿಜ್ಞಾನ ಪ್ರದರ್ಶನ ಐತಿ. ಮಕ್ಕಳನ್ನ ಒಮ್ಮೆ ಆಕಾಶಕ್ಕ ಕರ್ಕೊಂಡು ಹೋಗಿ ಬರ್ರಿ" ಅಂದರು. ಅಣ್ಣ ತಡಮಾಡದೆ, "ಆಗ್ಲಿರಿ ಸರ್, ಹೋಗಿ ಬರೋಣು" ಅಂದುಬಿಟ್ಟ. ಒಪ್ಪಿಕೊಂಡವನು ಅವನು, ಆಕಾಶ ಮಾಡಬೇಕಾದವಳು ನಾನು.

ಅಣ್ಣನ ಪಾಲಿನ ಕೆಲಸ ಬೇಗ ಮುಗಿಯಿತು. ಒಂದು ಹೈಡ್ರಾಲಿಕ್ ಟ್ರಾಲಿ, ಅಂದರೆ ಮಣ್ಣು ಸುರಿಯುವಾಗ ಮುಂಭಾಗ ಮೇಲೇಳುತ್ತದಲ್ಲ, ಅಂಥದ್ದು. ಅದರ ಮುಂದಿನ ತುದಿಗೆ ಹಳೆಯ ಬಸ್ಸಿನ ಸೀಟೊಂದನ್ನು ಬೋಲ್ಟ್ ಹಾಕಿ ಬಿಗಿದ, ಬೆಲ್ಟ್ ಕಟ್ಟಿದ, ಸುತ್ತ ಕರಿಯ ತಾಡಪತ್ರಿ ಹೊದಿಸಿದ. ಹೆಲ್ಮೆಟ್ ಹಾಕಿ ಕುಳಿತವರಿಗೆ ಪರದೆಯಲ್ಲಿ ಆಕಾಶದ ಹಡಗು ನೆಲ ಬಿಟ್ಟಂತೆ ಕಾಣುವ ಹೊತ್ತಿಗೆ ಟ್ರಾಲಿ ನಿಧಾನವಾಗಿ ಎದ್ದು ಬೆನ್ನು ಹಿಂದಕ್ಕೆ ವಾಲುತ್ತಿತ್ತು. ಅದೊಂದೇ ಉಪಾಯ. ಆದರೆ ಮೊದಲ ಸಲ ಕುಳಿತಾಗ ನಾನು ಕಿರುಚಿದ್ದೆ, ಆಮೇಲೆ ತಲೆ ಸುತ್ತಿ ಅರ್ಧ ದಿನ ಮಲಗಿದ್ದೆ. ಮತ್ತೆ ಹೆಲ್ಮೆಟ್ ಮುಟ್ಟುವ ಧೈರ್ಯ ಬರಲಿಲ್ಲ.

ನನ್ನ ಪಾಲಿನದು ಮೂರು ತಿಂಗಳು ಹಿಡಿಯಿತು. ಲೈಬ್ರರಿಯಿಂದ ತಂದ ಖಗೋಳದ ಪುಸ್ತಕದ ಕೊನೆಯಲ್ಲಿ ನಕ್ಷತ್ರಗಳ ಪಟ್ಟಿ ಇತ್ತು. ಎಲ್ಲಿದೆ, ಎಷ್ಟು ಪ್ರಕಾಶ, ಎಷ್ಟು ದೂರ. ಒಂದೊಂದೇ ಸಾಲು ಕಂಪ್ಯೂಟರಿಗೆ ಹಾಕಿದೆ. ನಮ್ಮ ಹಡಗು ಚಂದ್ರನನ್ನು ದಾಟಿ ಶನಿಯವರೆಗೆ ಹೋಗಿ ವಾಪಸು ಬಂದರೆ ಸಾಕಿತ್ತು, ನಕ್ಷತ್ರಗಳ ದೂರ ಅದಕ್ಕೆ ಬೇಕಿರಲಿಲ್ಲ. ಶನಿಯವರೆಗೆ ಹೋದರೂ ನಕ್ಷತ್ರಗಳು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಆದರೂ ಪುಸ್ತಕದಲ್ಲಿ ಆ ಅಂಕಿಗಳಿದ್ದವು, ಬಿಡಲು ಮನಸ್ಸಾಗದೆ ಹಾಕಿದೆ. ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮ ಸೂರ್ಯನನ್ನೂ ಒಂದು ನಕ್ಷತ್ರವೆಂದು ಬರೆದೆ.

ಆ ಚಳಿಗಾಲ ಎದುರಿನ ಹೊಲದಲ್ಲಿ ಕುರಿಗಳು ತಂಗಿದ್ದವು. ಹೊಲದವರು ಗೊಬ್ಬರಕ್ಕೆಂದು ನಿಲ್ಲಿಸಿಕೊಂಡಿದ್ದ ಹಿಂಡು. ಅದರ ಜೊತೆ ಬಂದಿದ್ದ ಮುದುಕಿಯೊಬ್ಬಳು ದಿನಾ ನಮ್ಮ ಬೋರಿನ ನಲ್ಲಿಗೆ ಕೊಡ ತುಂಬಲು ಬರುತ್ತಿದ್ದಳು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ, ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನುವುದು. ತೆಳ್ಳಗೆ, ಎತ್ತರಕ್ಕೆ, ಹೆಗಲ ಮೇಲೆ ಸದಾ ಒಂದು ಕಂಬಳಿ. ಹೆಚ್ಚು ಮಾತಿನವಳಲ್ಲ. ಒಂದು ದಿನ ಕಿಟಕಿಯಿಂದ ನನ್ನ ಪರದೆ ನೋಡಿ ಕೊಡ ಕೆಳಗಿಟ್ಟು ನಿಂತಳು.

"ಇದು ಮ್ಯಾಲಿನ ಚುಕ್ಕಿ ಅಲ್ಲೇನ ಯವ್ವಾ?"

"ಹೌದು ಆಯಿ. ಹೆಂಗ ಗುರ್ತು ಹಿಡದಿ?"

"ಹೆಂಗಂದ್ರ? ದಿನಾ ನೋಡೂದ ಅವನ್ನ." ಒಳಗೆ ಬಂದು ಪರದೆಯ ಹತ್ತಿರ ಮುಖ ತಂದು ಬೆರಳಿಟ್ಟಳು. "ಇವು ಏಳು ಮಂದಿ ಋಷಿಗಳು. ಇಲ್ಲಿ ಅರುಂಧತಿ ಎಲ್ಲಿ? ಗಂಡನ್ನಷ್ಟ ಇಟ್ಟು ಹೇಂತಿನ್ನ ಬಿಟ್ಟೀಯಲ್ಲ?"

ಪ್ರಕಾಶ ಕಡಿಮೆಯೆಂದು ಪುಸ್ತಕದವರು ಅದನ್ನು ಬಿಟ್ಟಿದ್ದರು. ಹುಡುಕಿ ಸೇರಿಸಿದೆ. ಮರುದಿನದಿಂದ ಆಯಿ ಕೊಡ ತುಂಬುವ ಮೊದಲು ಒಳಗೆ ಬಂದು ಕಾಲು ಗಂಟೆ ಪರದೆ ನೋಡುವುದು ರೂಢಿಯಾಯಿತು. ಕುರಿ ಕಾಯುವಾಗ ಯಾವ ಚುಕ್ಕಿ ಎಲ್ಲಿ ಬಂದರೆ ಎಷ್ಟು ಹೊತ್ತಾಯಿತು, ಯಾವಾಗ ಮಗನನ್ನು ಎಬ್ಬಿಸಬೇಕು ಎಂದೆಲ್ಲ ಹೇಳುತ್ತಿದ್ದಳು. ಕೃತ್ತಿಕೆಯ ಗುಂಪನ್ನು ಅವಳು ಗೊನಿ ಎನ್ನುತ್ತಿದ್ದಳು, ದ್ರಾಕ್ಷಿ ಗೊನೆಯ ಹಾಗಿದೆಯೆಂದು. ರೋಹಿಣಿ ಅವಳ ಬಾಯಲ್ಲಿ ರೋಣಿ. ಆ ವರ್ಷ ಶನಿ ಅದರ ಹತ್ತಿರವೇ ಇತ್ತು.

ಹೀಗಾಗಿ ಹಡಗು ಸಿದ್ಧವಾದಾಗ ಶನಿಯವರೆಗೆ ಮೊದಲು ಹೋಗುವವಳು ಆಯಿಯೇ ಆಗಬೇಕು ಅಂದೆ. ಅಣ್ಣ ಹಿಂಜರಿದ. "ವಯಸ್ಸಾದಾಕಿ. ಅಂಜಿ ಏನಾರ ಆದ್ರ?" ಆಯಿಯನ್ನೇ ಕೇಳಿದೆವು. "ಕುಂದ್ರೂದಷ್ಟ ಅಲ್ಲೇನ?" ಅಂದು ಕಂಬಳಿ ಸರಿಪಡಿಸಿಕೊಂಡಳು.

ಒಂದು ರವಿವಾರ ಮಧ್ಯಾಹ್ನ, ಊಟವಾದ ಮೇಲೆ. ಟ್ರ್ಯಾಕ್ಟರ್ ಮೇಲೆ ಅಣ್ಣ ಕುಳಿತ. ನಾನು ತಾಡಪತ್ರಿಯ ಹೊರಗೆ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಆಯಿಗೆ ಕಾಣುವುದೆಲ್ಲ ನನ್ನ ಪರದೆಯಲ್ಲೂ ಕಾಣುತ್ತಿತ್ತು, ಕೂಗಿದರೆ ಒಬ್ಬರಿಗೊಬ್ಬರ ಮಾತೂ ಕೇಳುತ್ತಿತ್ತು. ಸೆರಗಿನ ಮೇಲೆಯೇ ಹೆಲ್ಮೆಟ್ ಹಾಕಿ ಗಲ್ಲದ ಪಟ್ಟಿ ಬಿಗಿದೆ. ಆಯಿಯ ಮಗ ಹೊಲದ ಬದುವಿನ ಮೇಲೆ ನಿಂತು ನೋಡುತ್ತಿದ್ದ.

ಟ್ರಾಲಿ ಎದ್ದಿತು. ನೆಲ ಕೆಳಗಿಳಿಯಿತು, ಚಂದ್ರ ದೊಡ್ಡದಾಗಿ ಬಂದು ಪಕ್ಕಕ್ಕೆ ಸರಿಯಿತು. "ಅಯ್ಯಯ್ಯ, ಎಷ್ಟ ತಗ್ಗು ಬಿದ್ದಾವಲ್ಲ ಇದಕ್ಕ" ಎಂದು ಆಯಿ ಮೇಲಿನಿಂದ ಕೂಗಿದಳು. ಹಡಗಿನ ವೇಗ ನಿಮಿಷಕ್ಕೊಮ್ಮೆ ಇಮ್ಮಡಿಯಾಗುವಂತೆ ಬರೆದಿದ್ದೆ, ಇಲ್ಲದಿದ್ದರೆ ಶನಿಯವರೆಗೆ ಹೋಗುವಷ್ಟರಲ್ಲಿ ನೋಡುವವರು ನಿದ್ದೆ ಹೋಗುತ್ತಿದ್ದರು. ಶನಿ ಬಂತು, ಬಳೆಯ ಸಮೇತ. ಶನಿಯ ಹತ್ತಿರ ಹಡಗು ತಾನಾಗಿ ತಿರುಗಬೇಕು.

ತಿರುಗಲಿಲ್ಲ. ಶನಿಯನ್ನು ದಾಟಿ ನೇರ ಹೋಯಿತು.

ತಪ್ಪು ಎಲ್ಲಿದೆಯೆಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ದೂರ ಇಷ್ಟಕ್ಕೆ ಸಮವಾದಾಗ ತಿರುಗು ಎಂದು ಬರೆದಿದ್ದೆ. ಸಮ ಅಥವಾ ಹೆಚ್ಚು ಎಂದು ಬರೆಯಬೇಕಿತ್ತು. ಹಿಂದಿನ ದಿನ ಓಟ ನುಣುಪಾಗಲೆಂದು ಲೆಕ್ಕ ಸ್ವಲ್ಪ ಬದಲಿಸಿದ್ದೆ, ಹಾಗಾಗಿ ಹಡಗು ಆ ಅಂಕಿಯ ಮೇಲೆ ಕಾಲಿಡದೆ ಜಿಗಿದು ಹೋಗಿತ್ತು. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದು ಕೀಲಿ ಒತ್ತಿದರೆ ವಾಪಸು ತಿರುಗುತ್ತಿತ್ತು. ಅದಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಕೆಮ್ಮಿ ನಿಂತಿತು, ಅಣ್ಣ ನನ್ನನ್ನು ಕೂಗಿದ.

ಟ್ರಾಲಿ ಪೂರ್ತಿ ಎದ್ದ ಸ್ಥಿತಿಯಲ್ಲಿ ಸಿಕ್ಕಿಕೊಂಡಿತ್ತು. ಇಳಿಸುವ ಹಿಡಿಕೆ ಅಲ್ಲಾಡುತ್ತಿರಲಿಲ್ಲ. ಅಣ್ಣನ ಮುಖದ ಬಣ್ಣವೇ ಹೋಗಿತ್ತು. ಒಮ್ಮೆಲೇ ಒತ್ತಡ ತಪ್ಪಿದರೆ ಇಡೀ ಟ್ರಾಲಿ ಕೆಳಗೆ ಅಪ್ಪಳಿಸುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಯಾರೂ ಮ್ಯಾಲ ಹತ್ತಬ್ಯಾಡ್ರಿ! ಭಾರ ಬಿದ್ರ ಏನ್ ಆಕ್ಕೈತೋ. ಮದ್ಲ ತೊಲಿ ತರ್ರಿ, ತೊಲಿ!"

ಆಯಿಯ ಮಗ ಬದು ಬಿಟ್ಟು ಓಡಿ ಬಂದ. ಮೂವರೂ ಸೇರಿ ಶೆಡ್ಡಿನಿಂದ ಮರದ ದಪ್ಪ ತೊಲೆ ಎಳೆತಂದು ಟ್ರಾಲಿಯ ಕೆಳಗೆ ಆನಿಸಿದೆವು, ಇನ್ನೊಂದನ್ನೂ ಆನಿಸಿದೆವು. ಆಮೇಲೆ ಅಣ್ಣ ಎಣ್ಣೆ ಹೋಗುವ ಕೊಳವೆಯ ಅಡಿಗೆ ಮಲಗಿ ನಟ್ಟುಗಳನ್ನು ನೋಡತೊಡಗಿದ. ಈ ಗಡಿಬಿಡಿಯಲ್ಲಿ ಹತ್ತು ಹನ್ನೆರಡು ನಿಮಿಷ ಕಳೆದಿರಬೇಕು. ಮೇಲಿನಿಂದ ಸದ್ದೇ ಇಲ್ಲ ಎಂಬುದು ಆಗ ನೆನಪಾಗಿ ತಲೆ ಎತ್ತಿ ಕೂಗಿದೆ.

"ಆಯಿ! ಆರಾಮ ಅದೀಯಿಲ್ಲೊ?"

"ಅದೇನಿ ತಗೋ. ಏನ್ ಗದ್ಲ ಹಚ್ಚೀರಿ? ಸುಮ್ನ ನೋಡಾಕ ಬಿಡ್ರಿ."

ಮೇಜಿನ ಹತ್ತಿರ ಓಡಿದೆ. ಶನಿ ಎಂದೋ ಮಾಯವಾಗಿತ್ತು. ಪರದೆಯ ತುಂಬ ನಕ್ಷತ್ರಗಳು, ಬರೀ ನಕ್ಷತ್ರಗಳು. ಮೊದಲು ಎಲ್ಲ ಇದ್ದಲ್ಲೇ ಇವೆ ಅನ್ನಿಸಿತು. ಆಮೇಲೆ ನೋಡುತ್ತ ನೋಡುತ್ತ ಒಂದು ಚುಕ್ಕಿ ಸರಿಯಿತು. ಇನ್ನೊಂದು ಸರಿಯಿತು. ನನ್ನ ಕೈ ಕೀಲಿಯ ಮೇಲೆ ಹೋಗಿ ಹಾಗೇ ನಿಂತಿತು. ಇಮ್ಮಡಿಯಾಗುತ್ತ ಇಮ್ಮಡಿಯಾಗುತ್ತ ಹಡಗಿನ ವೇಗ ಎಲ್ಲಿಗೆ ಮುಟ್ಟಿತ್ತೆಂದರೆ, ಬೇಡವಾಗಿಯೂ ನಾನು ಹಾಕಿದ್ದ ಆ ದೂರದ ಅಂಕಿಗಳು ಈಗ ಕೆಲಸಕ್ಕೆ ಬಂದಿದ್ದವು. ಇದನ್ನು ನಾನು ಬರೆದಿರಲಿಲ್ಲ. ಅಥವಾ ಬರೆದಿದ್ದೆ, ಆದರೆ ಏನು ಬರೆದಿದ್ದೇನೆಂದು ನನಗೇ ಗೊತ್ತಿರಲಿಲ್ಲ.

"ಯವ್ವಾ, ರೋಣಿ ಹತ್ರ ಬರಾಕತ್ತೈತಿ" ಎಂದಳು ಆಯಿ.

ಹೌದು, ನೇರ ಎದುರಿಗೆ ಕೆಂಪು ರೋಹಿಣಿ ದೊಡ್ಡದಾಗುತ್ತಿತ್ತು. ನಾವು ಅದರ ದಿಕ್ಕಿಗೇ ಹೊರಟಿದ್ದೆವು. ಆಯಿ ಮೆಲ್ಲಗೆ ತಲೆ ತಿರುಗಿಸಿದಳು. ಪರದೆಯ ಮೇಲೆ ಆಕಾಶ ತಿರುಗಿತು. ಸಪ್ತರ್ಷಿಗಳ ಕಡೆಗೆ ಬಂದಾಗ ಅವಳ ತಲೆ ನಿಂತಿತು. ಅಲ್ಲಿ ಏಳು ಮಂದಿಯ ಸಾಲು ಇರಲಿಲ್ಲ. ಒಬ್ಬೊಬ್ಬ ಒಂದೊಂದು ಕಡೆ ಜರುಗಿದ್ದ. ನಮ್ಮೂರಿನ ಅಂಗಳದಿಂದ ನೋಡಿದಾಗ ಪಕ್ಕಪಕ್ಕದಲ್ಲಿ ಕುಳಿತಂತೆ ಕಂಡವರು ನಿಜಕ್ಕೂ ಹಿಂದೆ ಮುಂದೆ ಇದ್ದವರು.

"ಒಡದು ಹೋದ್ರಲ್ಲ ಇವ್ರು" ಎಂದಳು. ದನಿಯಲ್ಲಿ ಹೆದರಿಕೆ ಇರಲಿಲ್ಲ, ಏನೋ ದೊಡ್ಡದನ್ನು ಕಂಡಾಗ ಮಾತು ಸಣ್ಣದಾಗುತ್ತದಲ್ಲ, ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಅರುಂಧತಿ ಮಾತ್ರ ಗಂಡನ ಕೂಡ ಐತಿ ನೋಡ" ಅಂದಳು. ನಿಜ. ಅವೆರಡರ ದೂರ ಹೆಚ್ಚುಕಡಿಮೆ ಒಂದೇ. ಮದುವೆಯಲ್ಲಿ ಅದನ್ನು ತೋರಿಸಲು ಹಚ್ಚಿದವರಿಗೆ ಇದು ಗೊತ್ತಿತ್ತೇ? ಗೊತ್ತಿರಲಾರದು.

ರೋಹಿಣಿ ದೀಪದಂತೆ ಬೆಳಗಿ, ಪಕ್ಕಕ್ಕೆ ಬಂದು, ಹಿಂದಕ್ಕೆ ಹೋಯಿತು. ಎದುರಿಗೆ ಗೊನೆ ಒಂದೊಂದು ಹಣ್ಣಾಗಿ ಬಿಡಿಬಿಡಿಯಾಗತೊಡಗಿತು. ಆಯಿ ಈ ಸಲ ಪೂರ್ತಿ ಹಿಂದಕ್ಕೆ ಹೊರಳಿದಳು. ಸೀಟಿನ ಕಬ್ಬಿಣ ಕಿರ್ರೆಂದಿತು, ಕೆಳಗಿನಿಂದ ಅಣ್ಣ, "ಆಯಿ, ಅಳ್ಳಾಡಬ್ಯಾಡ!" ಎಂದು ಕೂಗಿದ. ಅವಳಿಗೆ ಕೇಳಿಸಿತೋ ಇಲ್ಲವೋ. ನಾವು ಬಿಟ್ಟು ಬಂದ ದಿಕ್ಕಿನಲ್ಲಿ ಚೇಳಿನ ಆಕಾರ ಇದ್ದ ಹಾಗೇ ಇತ್ತು. ಅದರ ನಕ್ಷತ್ರಗಳು ಬಹಳ ದೂರದವು, ಇಷ್ಟು ಪ್ರಯಾಣಕ್ಕೆ ಮಿಸುಕಿರಲಿಲ್ಲ. ಆಯಿ ಅದನ್ನೇ ಬಾಲದಿಂದ ತಲೆಯವರೆಗೆ ನೋಡುತ್ತ ಬಂದಳು.

"ಯವ್ವಾ."

"ಏನ ಆಯಿ?"

"ಚೇಳಿನ ತಲಿ ಮ್ಯಾಲ ಒಂದು ಹೊಸಾ ಚುಕ್ಕಿ ಬಂದೈತಿ. ಸಣ್ಣದು. ಇದು ಅಲ್ಲಿ ಇರೂದಿಲ್ಲ. ನಾ ಸಣ್ಣಾಕಿ ಇದ್ದಾಗಿಂದ ನೋಡೇನಿ, ಇದು ಅಲ್ಲಿ ಇರೂದಿಲ್ಲ."

ನನಗೆ ಕಾಣಲಿಲ್ಲ. ಅಲ್ಲಿ ಹತ್ತಾರು ಚುಕ್ಕಿಗಳಿದ್ದವು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಕೆಂಪು ಜ್ಯೇಷ್ಠಾ ನಕ್ಷತ್ರದ ಮೇಲುಗಡೆ, ಧೂಳಿನ ಕಣದಂಥದ್ದೊಂದು. ಯಾವುದೇ ನಕ್ಷತ್ರದ ಮೇಲೆ ಬಾಣದ ಗುರುತು ಇಟ್ಟು ಒತ್ತಿದರೆ ಪಟ್ಟಿಯಲ್ಲಿ ಅದು ಎಷ್ಟನೆಯ ಸಾಲಿನದು ಎಂದು ತೋರಿಸುವಂತೆ ಮಾಡಿದ್ದೆ. ಬಾಣವನ್ನು ಅದರ ಮೇಲೆ ಒಯ್ದು ಒತ್ತಿದೆ.

ಒಂದು ಎಂದು ಬಂತು.

ಮೇಜಿನ ಅಂಚು ಹಿಡಿದುಕೊಂಡೆ. ನನ್ನ ಬೆನ್ನಿಗೆ ಬಿಸಿಲು ಹೊಡೆಯುತ್ತಿತ್ತು, ರವಿಕೆ ಬೆವರಿಗೆ ಅಂಟಿತ್ತು. ಆ ಬಿಸಿಲು ಕೊಡುತ್ತಿದ್ದ ಸೂರ್ಯ ಅಲ್ಲಿ, ಚೇಳಿನ ತಲೆಯ ಮೇಲೆ, ಆಯಿಯಂಥವರ ಕಣ್ಣಿಗಷ್ಟೇ ಬೀಳುವ ಒಂದು ಚುಕ್ಕಿ.

"ಆಯಿ, ಅದು ನಮ್ಮ ಸೂರ್ಯ."

ಅಣ್ಣ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಟ್ರಾಲಿಯ ಕೆಳಗಿನಿಂದ ತಲೆ ಹೊರಗೆ ಹಾಕಿದ. ಆಯಿಯ ಮಗನೂ ತೊಲೆಯ ಪಕ್ಕದಲ್ಲಿ ನಿಂತು ನನ್ನನ್ನೇ ನೋಡಿದ.

"ಇದ ಹೊತ್ತು? ನಮ್ಮ ಮುಂಜಾನೆ ಹುಟ್ಟೂ ಹೊತ್ತು?" ಆಯಿ ಕೇಳಿದಳು.

"ಹೌದು."

"ಮತ್ತ ನಮ್ಮ ಭೂಮಿ?"

"ಅಲ್ಲೇ ಐತಿ, ಅದರ ಸನೇಕ. ಇಲ್ಲಿಂದ ಕಾಣೂದಿಲ್ಲ."

"ನನ್ನ ಮಗ, ಕುರಿ, ನೀವು, ಎಲ್ಲಾರೂ ಅಲ್ಲೇ ಅದೀರಿ?"

"ಎಲ್ಲಾರೂ ಅಲ್ಲೇ."

ಅಣ್ಣನಿಗೆ ಭಯವಾಯಿತು. "ಕಂಪ್ಯೂಟರ್ ಬಂದ್ ಮಾಡು. ಟೊಪಿಗಿ ತಕ್ಕೊಳ್ಳಾಕ ಹೇಳು ಆಕಿಗೆ" ಎಂದ. ನಾನು ಕೂಗಿ ಹೇಳಿದೆ. ಗಲ್ಲದ ಪಟ್ಟಿ ಬಿಚ್ಚು, ತಲೆಯಿಂದ ತೆಗೆ, ನೀನು ಇಂಡಿಯಲ್ಲೇ ಇದ್ದೀ.

"ಬ್ಯಾಡ" ಎಂದಳು ಆಯಿ. "ಇಷ್ಟ ದೂರ ಬಂದೇನಿ. ನಡಬರಕ ಕೈ ಬಿಡಬ್ಯಾಡ್ರಿ. ಬಂದ ದಾರಿಲೇ ಕರ್ಕೊಂಡು ಹೋಗ್ರಿ ನನ್ನ."

ಕೀಲಿ ಒತ್ತಿದೆ. ಹಡಗು ತಿರುಗಿ ಆ ಕಣದ ಕಡೆಗೆ ಮುಖ ಮಾಡಿತು. ವಾಪಸಿನ ಓಟದಲ್ಲಿ ವೇಗ ನಿಮಿಷಕ್ಕೊಮ್ಮೆ ಅರ್ಧವಾಗುತ್ತ ಬರಬೇಕೆಂದು ಬರೆದಿದ್ದೆ. ಆ ಭಾಗದಲ್ಲಾದರೂ ತಪ್ಪಿರದಿರಲಿ ಎಂದು ಕಂಡ ಕಂಡ ದೇವರಿಗೆ ಕೈ ಮುಗಿದೆ. ಟ್ರಾಲಿಯ ಕೆಳಗೆ ಅಣ್ಣನಿಗೂ ದಾರಿ ಸಿಕ್ಕಿತ್ತು. ಕೊಳವೆಯ ನಟ್ಟನ್ನು ಕೂದಲಷ್ಟೇ ಸಡಿಲಿಸಿದರೆ ಎಣ್ಣೆ ಹನಿಹನಿಯಾಗಿ ಸೋರುತ್ತದೆ, ಟ್ರಾಲಿ ತನ್ನ ಭಾರಕ್ಕೆ ತಾನೇ ನಿಧಾನ ಇಳಿಯುತ್ತದೆ. ಹೆಚ್ಚು ಸಡಿಲಿಸಿದರೆ ಕೆಲಸ ಕೆಟ್ಟಿತು. ಅವನು ಮಲಗಿಯೇ ನಟ್ಟು ತಿರುಗಿಸಿದ. ಆಯಿಯ ಮಗ ತೊಲೆಗಳನ್ನು ಬೆರಳಷ್ಟು ಬೆರಳಷ್ಟೇ ಹಿಂದಕ್ಕೆ ಎಳೆಯುತ್ತ ಬಂದ. ಎಣ್ಣೆ ಅಣ್ಣನ ಮೋರೆಯ ಮೇಲೆ, ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

ರೋಹಿಣಿ ಮತ್ತೆ ಪಕ್ಕದಲ್ಲಿ ಹಾದುಹೋಯಿತು. ಆಯಿ ಒಮ್ಮೆ ಎಡಕ್ಕೆ ನೋಡುವಳು, ಒಮ್ಮೆ ಆ ಸಣ್ಣ ಚುಕ್ಕಿಯ ಕಡೆ. ಋಷಿಗಳು ಒಬ್ಬೊಬ್ಬರಾಗಿ ತಮ್ಮ ಜಾಗಕ್ಕೆ ಮರಳುತ್ತಿದ್ದರು. ಅವಳು ಅವರನ್ನು ಕುರಿ ಎಣಿಸುವಂತೆ ಎಣಿಸುತ್ತಿದ್ದಳು. "ಈಂವ ಬಂದ. ಈಂವ ಬಂದ. ಆ ತುದೀಗಿನಂವ ಇನ್ನೂ ಬಂದಿಲ್ಲ, ತಡೀರಿ." ಕೊನೆಯವನು ಬಂದು ಸಾಲು ಸರಿಯಾದಾಗ, "ಹಾಂ, ಇದು ನಮ್ಮ ಆಕಾಶ" ಅಂದಳು. ಆಮೇಲೆ ಬಹಳ ಹೊತ್ತು ಏನೂ ಚಲಿಸಲಿಲ್ಲ, ಆ ಒಂದು ಚುಕ್ಕಿ ಮಾತ್ರ ಹಿಗ್ಗುತ್ತ ಹಿಗ್ಗುತ್ತ ಸೂರ್ಯನಾಯಿತು. ಚಂದ್ರ ಬಂತು. ಪರದೆಯ ಮೇಲೆ ನೆಲ ಕಂಡು ಇನ್ನೂ ಕೆಲವು ನಿಮಿಷಗಳಾದ ಮೇಲೆ ಟ್ರಾಲಿಯ ಮೂತಿ ಚೌಕಟ್ಟಿನ ಮೇಲೆ ಕೂತು ಠಕ್ಕೆಂದಿತು. ಅಣ್ಣ ಎಣ್ಣೆಯಲ್ಲಿ ಹೊರಳಿ ಹೊರಗೆ ಬಂದು ಆಕಾಶ ನೋಡುತ್ತ ಅಂಗಾತ ಮಲಗಿಬಿಟ್ಟ.

ಹೆಲ್ಮೆಟ್ ತೆಗೆದಾಗ ಆಯಿಯ ಕಣ್ಣು ತುಂಬಿತ್ತು, ಮುಖ ಮಾತ್ರ ಅರಳಿತ್ತು. ಅವಳಿಗೆ ತಲೆ ಸುತ್ತಿರಲಿಲ್ಲ. ಕೆಳಗಿಳಿದವಳು ಮೊದಲು ಬಗ್ಗಿ ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಬಳಿಕ ಬಿಸಿಲಿಗೆ ಕೈ ಅಡ್ಡ ಹಿಡಿದು ಸೂರ್ಯನ ಕಡೆ ಒಮ್ಮೆ ನೋಡಿ, ಮಗನಿಗೆ, "ನೀರ ಕೊಡ" ಎಂದಳು. ಅವನು ಚೊಂಬು ತಂದುಕೊಟ್ಟು, "ಏನೇನ್ ನೋಡಿದಿ ಯವ್ವಾ?" ಎಂದ.

ಆಯಿ ಪೂರ್ತಿ ಚೊಂಬು ಕುಡಿದಳು. "ಎಲ್ಲಾನೂ ಇತ್ತಪಾ" ಎಂದಳು. "ನಾವಷ್ಟ ಇರಲಿಲ್ಲ."

ಮೂರನೆಯ ದಿನ ಹಿಂಡು ತಾಂಬಾದ ಕಡೆಗೆ ಹೊರಟಿತು. ಹೋಗುವ ಮೊದಲು ಆಯಿ ಬಂದು ನನ್ನ ಎರಡೂ ಕೆನ್ನೆ ಸವರಿ ಲಟಿಗೆ ಮುರಿದಳು. ಅಣ್ಣನಿಗೆ, "ನಿನ್ನ ಗಾಡಿ ರಿಪೇರಿ ಮಾಡು. ನಿನ್ನ ತಂಗಿ ಮಾಡಿದ್ದು ಬರೋಬರಿ ಐತಿ" ಎಂದು ಹೇಳಿ ಹೋದಳು. ಬರೋಬರಿ ಇರದ ಆ ಒಂದು ಸಾಲು ನನಗಷ್ಟೇ ಗೊತ್ತಿತ್ತು.

ಅಣ್ಣ ಹಿಡಿಕೆ ಹೊಸದು ಹಾಕಿ, ಟ್ರಾಲಿ ಮೊಣಕಾಲೆತ್ತರಕ್ಕಿಂತ ಮೇಲೇಳದಂತೆ ಸರಪಳಿ ಬಿಗಿದ. ನಾನು ಆ ಒಂದು ಸಾಲು ತಿದ್ದಿದೆ. ಹಡಗು ಶನಿಯಿಂದ ಸರಿಯಾಗಿ ತಿರುಗಿ ಬರತೊಡಗಿತು. ಬಾಗೇವಾಡಿಯ ಶಾಲೆಗೆ ಹೋದೆವು, ಆ ಸುದ್ದಿ ಕೇಳಿ ಸಿಂದಗಿಯವರು ಕರೆದರು. ಮಕ್ಕಳು ಶನಿಯ ಬಳೆ ನೋಡಿ ಕೂಗುತ್ತಿದ್ದರು, ಹೆಡ್‌ಮಾಸ್ತರರು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮಾತ್ರ ಪ್ರತಿ ಸಲ ಹಡಗು ತಿರುಗಿದಾಗ, ಛೇ, ಇಷ್ಟು ಬೇಗ ತಿರುಗಿತಲ್ಲ ಅನ್ನಿಸುತ್ತಿತ್ತು.

ಮುದ್ದೇಬಿಹಾಳದಲ್ಲಿ ಹುಡುಗಿಯರ ಶಾಲೆ. ಎಲ್ಲರ ಸರದಿ ಮುಗಿದು ಮಕ್ಕಳು ಊಟಕ್ಕೆ ಹೋಗಿದ್ದರು. ಅಣ್ಣ ತಂತಿ ಸುತ್ತಲು ಬಂದಾಗ, "ತಡಿ, ನಾ ಒಮ್ಮೆ ಕುಂದರ್ತೇನಿ" ಅಂದೆ. "ನಿನಗ ತಲಿ ತಿರಗತೈತಿ" ಎಂದ. ತಿರುಗಲಿ ಅಂದೆ. ತಿದ್ದಿದ ಸಾಲನ್ನು ನಾನೇ ಅಳಿಸಿ, ವಾಪಸಿನ ಕೀಲಿ ಯಾವುದೆಂದು ಅವನಿಗೆ ತೋರಿಸಿ, ಸೀಟಿನಲ್ಲಿ ಕುಳಿತು ಪಟ್ಟಿ ಬಿಗಿದುಕೊಂಡೆ.

ಶನಿ ಹಿಂದೆ ಹೋಯಿತು. ತಲೆ ಸುತ್ತಿತು, ಕಣ್ಣು ಮುಚ್ಚಿ ಮತ್ತೆ ತೆರೆದೆ. ಚುಕ್ಕಿಗಳು ನನ್ನ ಎರಡೂ ಬದಿಗೆ ಸದ್ದಿಲ್ಲದೆ ಸರಿಯತೊಡಗಿದವು. ಪುಟ್ಟ ಪರದೆಯಲ್ಲಿ ಬಿಳಿಯ ಚೌಕಗಳು ಅಷ್ಟೇ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಪ್ರತಿಯೊಂದನ್ನೂ ನನ್ನ ಬೆರಳೇ ಹಾಕಿತ್ತು. ಆದರೂ ತಲೆ ಎತ್ತಿದರೆ ಅವು, ಇಳಿಸಿದರೆ ಅವು, ಕಾಲ ಕೆಳಗೂ ಅವೇ, ಆಳಕ್ಕೆ ಆಳಕ್ಕೆ. ಕಾಲಿಟ್ಟ ಕಬ್ಬಿಣವೇ ಇಲ್ಲದಂತಾಗಿ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹಿಂದಕ್ಕೆ ಹೊರಳಿ ನೋಡಿದೆ. ಚೇಳು ಸಿಕ್ಕಿತು. ಅದರ ತಲೆಯ ಮೇಲೆ ಎಷ್ಟು ಹುಡುಕಿದರೂ, ಅಷ್ಟು ಚುಕ್ಕಿಗಳ ನಡುವೆ, ನಮ್ಮದು ಯಾವುದೆಂದು ನನಗೆ ಕೊನೆಗೂ ತಿಳಿಯಲಿಲ್ಲ.

"ತಿರಗಿಸಲೇನ?" ಹೊರಗಿನಿಂದ ಅಣ್ಣ ಕೇಳಿದ.

"ಇನ್ನೊಂದೀಟು ತಡಿ" ಎಂದು ನಾನು ಮುಂದಕ್ಕೆ, ಗೊನೆಯ ಕಡೆಗೆ ಹೊರಳಿದೆ.